ಪ್ಯಾಸೆಂಜರ್ ಸೀರೆ

“ನಗ್ತಾ ತಿನ್ನೇ ಮುಂಡೆ! ಭೇದಿಯಾದೋಳ್ ಹಂಗೆ ಮುಖ ಮಾಡ್ಕೊಂಡ್ ತಿಂದ್ರೆ ಯಾವನ್ ನಂಬ್ತಾನೆ?”

ಊಟದ ಕಂಟ್ರಾಕ್ಟರ್ ಸೇತುರಾಮಯ್ಯನವರು ತುಟಿ ಅಲ್ಲಾಡಿಸದೆ ಬೈದರು. ಅಷ್ಟೇ ಬೇಗ ದನಿ ಬದಲಿಸಿ, ರೈಲಿನ ಕಿಟಕಿಗಳಿಗೆಲ್ಲ ಕೇಳುವಂತೆ, “ಊಟ ಹೇಗಿದೆ ಅಮ್ಮಾವ್ರೇ?” ಎಂದರು.

ಬೆಂಚಿನ ಮೇಲೆ ಕೂತಿದ್ದ ನಮ್ಮ ದ್ರೌಪದಮ್ಮ ತುತ್ತು ನುಂಗಿ, ಕಲಿಸಿದ ಮಾತು ಒಪ್ಪಿಸಿದಳು. “ಮನೆ ಊಟ ಇದ್ದಂಗದೆ.”

ಯಾರ ಮನೆಯದು ಎಂದು ಈವರೆಗೆ ಯಾವ ಪ್ರಯಾಣಿಕನೂ ಕೇಳಿರಲಿಲ್ಲ.

ಎಮರ್ಜೆನ್ಸಿ ಮುಗಿದ ವರ್ಷದ ಮಾತು. ಹುಬ್ಬಳ್ಳಿ ದಾಟಿ ಮೀರಜಿಗೆ ಹೋಗುವ ಗಾಡಿಗೆ ಯಶವಂತಪುರ ಪ್ಲಾಟ್‌ಫಾರ್ಮಿನ ಮೇಲಿದ್ದ ನಮ್ಮ ಅಡುಗೆ ಷೆಡ್ಡಿನಿಂದ ಊಟ ಹತ್ತುತ್ತಿತ್ತು. ಒಳಗೆ ಬೇಯಿಸುವವರು ಸೇತುರಾಮಯ್ಯನವರ ಪೈಕಿ. ಹೊರಗೆ ಅಕ್ಕಿ ಆರಿಸಿ ಪಾತ್ರೆ ಬೆಳಗುವವರು ಮಾಕಳಿಯ ಹೊಲಗೇರಿಯಿಂದ ಬರುವ ನಾವು. ನಾವು ಮುಟ್ಟಿದ ಅಕ್ಕಿ ನಡೆಯುತ್ತಿತ್ತು. ಅದೇ ಅಕ್ಕಿ ಬೆಂದು ಅನ್ನವಾಯಿತೋ, ನಮ್ಮ ನೆರಳೂ ಆಗುತ್ತಿರಲಿಲ್ಲ.

ಊಟ ಸರಿಯಿಲ್ಲವೆಂದು ಯಾರಾದರೂ ಗಲಾಟೆ ತೆಗೆದರೆ ಮಾತ್ರ ದ್ರೌಪದಮ್ಮನಿಗೆ ಕರೆ. ಮೊಳೆಗೆ ನೇತುಹಾಕಿದ್ದ ನೈಲೆಕ್ಸ್ ಸೀರೆ ಉಟ್ಟು, ತಳವಿಲ್ಲದ ಟ್ರಂಕೊಂದನ್ನು ಪಕ್ಕದಲ್ಲಿಟ್ಟುಕೊಂಡು, ಅದೇ ಊಟವನ್ನು ಅವಳು ಚಪ್ಪರಿಸಿ ತಿನ್ನಬೇಕು. ನಾವು ಅದಕ್ಕೆ ಪ್ಯಾಸೆಂಜರ್ ಸೀರೆ ಎಂದೇ ಹೆಸರಿಟ್ಟಿದ್ದೆವು. ಕಾಸು ಕೊಟ್ಟ ಹೆಂಗಸೊಬ್ಬಳು ಇಷ್ಟು ಖುಷಿಯಾಗಿ ತಿನ್ನುತ್ತಿದ್ದಾಳಲ್ಲ ಎಂದು ಜನ ತಣ್ಣಗಾಗುವಷ್ಟರಲ್ಲಿ ಗಾಡಿ ಹೊರಟುಬಿಡುತ್ತಿತ್ತು.

ಆದರೆ ಅವತ್ತು ಬೆಳಿಗ್ಗೆಯೇ ಒಂದು ರಾದ್ಧಾಂತ ನಡೆದಿತ್ತು. ಅನ್ನದಲ್ಲಿ ಕಲ್ಲು ಸಿಕ್ಕಿತೆಂದು ಸೇತುರಾಮಯ್ಯನವರು ದ್ರೌಪದಮ್ಮನ ಅತ್ತೆ ದೊಡ್ಡಮುನಿಯಮ್ಮನ ಕೈಯಿಂದ ಮೊರ ಕಿತ್ತು ಎಸೆದಿದ್ದರು.

“ಕಣ್ ಕಾಣ್ದಿರೋ ಗೂಬೆ! ಇವತ್ತಿಗೇ ನಿನ್ ಕೆಲಸ ಮುಗೀತು, ತೊಲಗು!”

“ಸೋಮಿ, ಗೂಡ್ಸ್ ಷೆಡ್ಡು ಗುಡ್ಸಿದ್ ಅಕ್ಕಿ ತಂದ್ ಸುರೀತೀರ. ಅದ್ರಾಗೆ ಅಕ್ಕೀಗಿಂತ ಕಲ್ಲೇ ಬೆಳ್ಳಗವೆ. ಯಾವ್ದುನ್ನ ಆರುಸ್ಲಿ?”

“ಬಾಯ್ ಬೇರೆ!”

ದ್ರೌಪದಮ್ಮ ಕಾಲು ಹಿಡಿಯಲು ಹೋದರೆ ಮುಟ್ಟಬೇಡವೆಂದು ಹಾರಿ ನಿಂತರು. ಈ ಕೂಲಿ ಹೋದರೆ ಮುದುಕಿಗೆ ಬೇರೆ ಯಾರೂ ಕೆಲಸ ಕೊಡುವವರಿರಲಿಲ್ಲ. ಗಂಟು ಕಟ್ಟಿಕೊಂಡು ಷೆಡ್ಡಿನ ಗೋಡೆಗೆ ಒರಗಿ ಕೂತಿದ್ದಳು.

ಮಧ್ಯಾಹ್ನದ ಗಾಡಿಯಲ್ಲಿ ಬಂದವನು ಮಾತ್ರ ತಣ್ಣಗಾಗುವ ಆಸಾಮಿಯಲ್ಲ. ಕೆನ್ನೆ ಹಿಡಿದುಕೊಂಡು ತಟ್ಟೆ ಸಮೇತ ಕೆಳಗಿಳಿದಿದ್ದ. ಸಾಲದ್ದಕ್ಕೆ ಊಟ ತನಿಖೆಗೆ ಬಂದಿದ್ದ ಸಾಹೇಬರೊಬ್ಬರೂ ಅಲ್ಲೇ ಇದ್ದರು.

“ಆಕೆಗೆ ಮನೆ ಊಟ ಆಗಿರ್ಬಹುದು ಕಣ್ರೀ! ನನ್ ದವಡೆ ಹಲ್ಲು ಅಲ್ಲಾಡ್ತಿದೆ! ಎಲ್ಲಿ, ನೀವ್ ತಿನ್ರಿ ನೋಡೋಣ!”

“ಒಂದ್ ತುತ್ತು ತಿಂದ್ಬಿಡಿ ಸೇತುರಾಮಯ್ಯ, ಮುಗೀಲಿ,” ಎಂದರು ಸಾಹೇಬರು.

“ನನಗಿವತ್ತು ಶನಿವಾರದ ಉಪವಾಸ ಸಾರ್.”

ದ್ರೌಪದಮ್ಮ ಬೆಂಚಿನಿಂದ ಎದ್ದಳು. ತನ್ನ ತಟ್ಟೆಯ ಅನ್ನವನ್ನು ಸಾರಿನಲ್ಲಿ ಚೆನ್ನಾಗಿ ಮಿದ್ದು, ಉಂಡೆ ಕಟ್ಟಿ, ನೇರ ಅವರ ಮೂಗಿನ ಕೆಳಗೆ ಹಿಡಿದಳು.

“ತಂಗಿ ಕೈತುತ್ತಿಗೆ ಯಾವ್ ಉಪಾಸ ಕೆಡ್ತದೆ? ಬಾಯ್ ತಗ್ದು ‘ಆ...’ ಅನ್ನಣ್ಣ.”

ಕಿಟಕಿಯಿಂದ ಮುತ್ತೈದೆಯೊಬ್ಬರು ಕೂಗಿದರು: “ತಗೊಳ್ರೀ! ಹೆಣ್ಮಗಳು ಎಷ್ಟು ಪ್ರೀತಿಯಿಂದ ಕೊಡ್ತಿದ್ದಾಳೆ!”

ಸೇತುರಾಮಯ್ಯನವರ ನಾಮ ಬೆವರಿಗೆ ಇಳಿಯತೊಡಗಿತು. ಬೇಡವೆಂದರೆ ಊಟ ಕೆಟ್ಟದ್ದು. ಯಾಕೆ ಬೇಡವೆಂದು ಹೇಳಹೋದರೆ ಪ್ಯಾಸೆಂಜರ್ ಸೀರೆಯೊಳಗೆ ಯಾರಿದ್ದಾರೆಂದು ಹೇಳಬೇಕು.

“ಕೈ ಇಳಿಸೇ,” ಪಿಸುಗುಟ್ಟಿದರು. “ನಿನ್ ಕಾಲಿಗ್ ಬೀಳ್ತೀನಿ.”

“ನಮ್ಮತ್ತೆ?”

“ಇರ್ಲಿ, ಕೆಲಸಕ್ಕೆ ಇಟ್ಕೋತೀನಿ. ಇಳಿಸು!”

ದ್ರೌಪದಮ್ಮ ಇಳಿಸಲಿಲ್ಲ. ತಟ್ಟೆಯಿಂದ ಇನ್ನಷ್ಟು ಅನ್ನ ಬಳಿದು ಉಂಡೆಗೆ ಮೆತ್ತಿದಳು.

“‘ಆ...’ ಅನ್ನಣ್ಣ!” ಎಂದಳು, ಇಡೀ ಗಾಡಿಗೆ ಕೇಳುವಂತೆ.

ಗಾರ್ಡು ಹಸಿರು ಬಾವುಟ ಬಿಚ್ಚಿ, ಬೀಸುವುದನ್ನು ಮರೆತು ನಿಂತಿದ್ದ. ಸೇತುರಾಮಯ್ಯನವರ ಬಾಯಿ ತೆರೆಯಿತು. ಅವಳ ಬೆರಳುಗಳು ನಾಲಿಗೆ ಮುಟ್ಟುವ ತನಕ ಒಳಗೆ ಹೋಗಿ, ಖಾಲಿಯಾಗಿ ಹೊರಗೆ ಬಂದವು.

ಕಟಕ್.

ಉಗಿಯುವಂತಿಲ್ಲ, ಸಾಹೇಬರು ಬಾಯನ್ನೇ ನೋಡುತ್ತಿದ್ದರು. ಕಲ್ಲಿನ ಸಮೇತ ನುಂಗಿದರು.

“ಎಂಗದೆ ಅಣ್ಣಾ ಊಟ?”

“ಮನೆ... ಊಟ...” ಎಂದರು, ಕಣ್ಣಲ್ಲಿ ನೀರು ತುಂಬಿಕೊಂಡು.

ಗೋಡೆಯ ಬಳಿ ದೊಡ್ಡಮುನಿಯಮ್ಮ ಕತ್ತೆತ್ತಿದಳು.

“ಏನೇ ಅದು ಸದ್ದು ದ್ರೌಪ್ತೀ? ನನ್ ಕಣ್ಗೆ ತಪ್ಪುಸ್ಕಂಡಿದ್ ಕಲ್ಲು ಸಿಕ್ತೇನೇ?”

“ಸಿಕ್ತು ಕಣತ್ತೆ. ಸರ್ಯಾದ್ ಜಾಗ್ದಾಗೇ ಸಿಕ್ತು.”

ಮುದುಕಿ ಗಂಟನ್ನು ಪಕ್ಕಕ್ಕೆ ತಳ್ಳಿದಳು. ನೆಲ ತಡಕಾಡಿ ಮೊರ ಎಳೆದುಕೊಂಡು, ಯಾರನ್ನೂ ಕೇಳದೆ ಅಕ್ಕಿ ಕೇರತೊಡಗಿದಳು.