ಬೈಗುಳ ನುಂಗಿದ ಕಲ್ಲು

"ಏಯ್, ಮಂಡಿ ಎತ್ತಬೇಡ ಅಂತ ಹೇಳು ಆ ಮುದುಕಿಗೆ! ಮಂಡಿಯೂರಿದ್ರೇನೇ ಫೋಟೋ ಚೆನ್ನಾಗಿ ಬರೋದು."

ಮಡಕೆ ಮಾರುವ ಮನೆಯೊಡತಿ ಡೋನ್ಯಾ ಬೆರೆನೀಸ್ ಸ್ಪ್ಯಾನಿಶ್‌ನಲ್ಲಿ ಗದರಿದಳು. ಅದನ್ನು ಚಿಕ್ಕಮ್ಮ ಒಬ್ದೂಲಿಯಾಗೆ ಊರಿನ ಝಪೊತೆಕ್ ಮಾತಿನಲ್ಲಿ ಮುಟ್ಟಿಸುವುದು ಕಸಿಲ್ದಾಳ ಕೆಲಸ. ಸಂಬಳ ಅದಕ್ಕೇ.

"ಚಿಕ್ಕವ್ವ, ಕೂತಿರೋ ಠೀವಿ ಚೆಂದಾಗೈತಂತೆ. ಹಂಗೇ ಇರಬೇಕಂತೆ."

"ಅಮ್ಮಾವ್ರು ಹೇಳ್ದಂಗೇ ಆಗ್ಲಿ," ಎಂದಳು ಒಬ್ದೂಲಿಯಾ.

ಆ "ಅಮ್ಮಾವ್ರು" ಕಸಿಲ್ದಾಳಿಗೆ ಮುಳ್ಳಿನಂತೆ ಚುಚ್ಚಿತು. ಬೈಗುಳದಲ್ಲಿ ಒಬ್ದೂಲಿಯಾಳನ್ನು ಮೀರಿಸುವವರು ಬೆಟ್ಟದ ಊರಲ್ಲೇ ಇರಲಿಲ್ಲ. ಮಾತು ಕೇಳದ ಮಣ್ಣು, ಕತ್ತೆ, ಪಾದ್ರಿ, ಯಾರಿಗೂ ರಿಯಾಯಿತಿ ಇಲ್ಲ. ಬೈಸಿಕೊಳ್ಳದವರು ಅವಳಿಗೆ ಆಗದವರು ಎಂದೇ ಲೆಕ್ಕ. ಮಡಕೆ ನುಣುಪು ಮಾಡುವ ಕಲ್ಲು ಕೈಯಲ್ಲಿದ್ದಾಗ ಮಾತ್ರ ಅವಳ ಬಾಯಿಗೆ ಬೀಗ. ತಾಯಿಯಿಂದ ಮಗಳಿಗೆ ಬರುವ ಕಲ್ಲದು. ಉಜ್ಜುವಾಗ ಕೆಟ್ಟ ಮಾತು ಬಿದ್ದರೆ ಸತ್ತ ತಾಯಿ ಬಂದು ಕಲ್ಲನ್ನು ವಾಪಸ್ ಒಯ್ಯುತ್ತಾಳೆಂಬುದು ಊರಿನ ನಂಬಿಕೆ.

ಹೋದ ಮಳೆಗಾಲದಲ್ಲಿ ಕಲ್ಲು ಕಾಣೆಯಾಯಿತು. ಅದನ್ನು ಉಪ್ಪಿನ ಗಡಿಗೆಯ ತಳದಲ್ಲಿ ಬಚ್ಚಿಡುತ್ತಿದ್ದುದು ಅವಳಿಗೂ ಕಸಿಲ್ದಾಳಿಗೂ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಮನೆಯೆಲ್ಲ ಜಾಲಾಡಿದ ಒಬ್ದೂಲಿಯಾ ಕೊನೆಗೆ ನೆಲದ ಮೇಲೆ ಕುಸಿದಿದ್ದಳು.

"ಅವತ್ತು ಉಜ್ತಾ ಉಜ್ತಾ ಕತ್ತೇನ ಬೋಳಿಮಗನೇ ಅಂದ್ಬುಟ್ಟೆ ಕಣಮ್ಮಿ. ಅವ್ವ ಕೇಳಿಸ್ಕಂಡವ್ಳೆ."

ಅಂದಿನಿಂದ ಬೈಗುಳ ಬಂದ್. ಸತ್ತವರ ಹಬ್ಬಕ್ಕೆ ಅವ್ವನಿಗೆ ನೀರಿಡುವ ಹೂಜಿಯನ್ನೂ ಮಾಡಲಿಲ್ಲ. "ಯಾವ ಮೊಕ ಇಟ್ಕಂಡು ಅವ್ಳನ್ನ ಕರೀಲಿ?"

ಕಲ್ಲು ಇದ್ದದ್ದು ಡೋನ್ಯಾಳ ಇದೇ ಮನೆಯಲ್ಲಿ. ಮುಂದಿನ ಹಜಾರದ ಗಾಜಿನ ಪೆಟ್ಟಿಗೆಯೊಳಗೆ, ದೀಪದ ಬೆಳಕಲ್ಲಿ, ಕ್ಲೋಸಪ್ಪಿಗೆ ಕೂತ ಹೀರೋಯಿನ್ನಿನ ಹಾಗೆ ಮಿಂಚುತ್ತಿತ್ತು. ಫೋಟೋ ತೆಗೆದು ಕೊಡುತ್ತೇನೆಂದು ಡೋನ್ಯಾ ತರಿಸಿಕೊಂಡಿದ್ದಳು. ತಂದುಕೊಟ್ಟವಳು ಕಸಿಲ್ದಾ. ವಾಪಸ್ ಕೇಳಿದಾಗ, "ನಿಂಗೆ ಕೆಲಸ ಬೇಕೋ ಕಲ್ಲು ಬೇಕೋ?" ಎಂದಿದ್ದಳು ಡೋನ್ಯಾ. ಟಾಕೀಸಿನಲ್ಲಿ ವಿಲನ್ನಿಗೆ ಕ್ಯಾಕರಿಸಿ ಉಗಿಯುವ ಹುಡುಗಿ, ಮಡಕೆಗಳನ್ನೇ ರೌಡಿಗಳೆಂದು ನಿಲ್ಲಿಸಿ ಡೈಲಾಗ್ ಹೊಡೆಯುವ ಹುಡುಗಿ, ಅಂದು ಉಗುಳು ನುಂಗಿ ಬಂದಿದ್ದಳು.

ಕುಂಬಾರ್ತಿಯರು ಹಿಂಬಾಗಿಲಿನಿಂದಲೇ ಬರಬೇಕೆಂಬುದು ಈ ಮನೆಯ ಕಟ್ಟಳೆ. ಚಿಕ್ಕವ್ವನ ಕಣ್ಣಿಗೆ ಹಜಾರದ ಕಲ್ಲು ಬೀಳದು, ಅದರಿಂದ ತನಗೇ ಅನುಕೂಲವೆಂದು ಹೊಳೆದಾಗ ಕಸಿಲ್ದಾಳಿಗೆ ಅನ್ನ ಸೇರಿರಲಿಲ್ಲ. ಆದರೂ ಇವತ್ತೂ ಅಂದಿದ್ದಳು: "ಹಿಂದ್ಗಡೆಯಿಂದ್ಲೇ ಹತ್ರ, ಬಾ ಚಿಕ್ಕವ್ವ."

ಅಂಗಳದಲ್ಲಿ, 'ಅಳಿಯುತ್ತಿರುವ ಕಲೆಯನ್ನು ಉಳಿಸೋಣ' ಎಂಬ ಬ್ಯಾನರಿನ ಕೆಳಗೆ, ರಾಜಧಾನಿಯಿಂದ ಕಲಿಯಲು ಬಂದವರು ಬಿಳಿ ಏಪ್ರನ್ ಕಟ್ಟಿ ಕೂತಿದ್ದರು. ಒಬ್ದೂಲಿಯಾ ಚಕ್ರವಿಲ್ಲದೆ, ಬೋರಲು ಹಾಕಿದ ಬೋಗುಣಿಯ ಮೇಲೆ ಮಣ್ಣು ತಿರುಗಿಸುತ್ತ, ಮುಸುಕಿನ ಜೋಳದ ದಿಂಡಿನಿಂದ ಹೂಜಿಯ ಹೊಟ್ಟೆ ಎಬ್ಬಿಸಿದಳು. ಆಮೇಲೆ ಒಣಗಿದ ಹೂಜಿಯೊಂದನ್ನು ತೊಡೆಗಿಟ್ಟುಕೊಂಡು, ಪ್ಲಾಸ್ಟಿಕ್ ಚಮಚ ತೆಗೆದು ಉಜ್ಜತೊಡಗಿದಳು.

"ಮಹಾ ಗುರು ಅಂದ್ರಿ, ಐಸ್‌ಕ್ರೀಮ್ ಚಮಚ ಹಿಡ್ಕೊಂಡಿದ್ದಾರೆ!" ಎಂದನೊಬ್ಬ. ಎಲ್ಲರೂ ನಕ್ಕರು.

ಡೋನ್ಯಾ ಕೂಡ ನಕ್ಕಳು. "ಈ ಜನಕ್ಕೆ ಬೆಲೆ ಗೊತ್ತಿಲ್ಲ. ಎಲ್ಲಾ ಕಳ್ಕೋತಾರೆ. ಅದಕ್ಕೇ ನಾವು ಉಳಿಸ್ಬೇಕು. ಅಸಲಿ ಕಲ್ಲು ಒಳಗೆ ಜೋಪಾನವಾಗಿದೆ, ಬನ್ನಿ. ಕಸಿಲ್ದಾ, ಅವಳು ಇಲ್ಲೇ ಬಿದ್ದಿರ್ಲಿ. ನೆಲ ಕೊಳೆಯಾಗುತ್ತೆ."

ಎಲ್ಲರೂ ಒಳಗೆ ಹೋದರು.

"ಯಾಕಮ್ಮಿ ನಗ್ತಾವ್ರೆ?" ಒಬ್ದೂಲಿಯಾ ಕೇಳಿದಳು. ಚಮಚದ ಅಂಚಿಗೆ ಹೆಬ್ಬೆರಳು ಸೀಳಿ, ಹೂಜಿಯ ಮೈಗೆ ರಕ್ತ ಹತ್ತಿತ್ತು.

ಕಸಿಲ್ದಾಳ ಬಾಯಲ್ಲಿ ಸಿಹಿ ಸುಳ್ಳೊಂದು ತಯಾರಿತ್ತು.

"ನಗ್ಲಿ ಬುಡು. ನನ್ ಬಾಯಿಂದ್ಲೇ ತಾನೆ ಅವ್ವ ಮುನಿಸ್ಕಂಡಿದ್ದು," ಎಂದು ಒಬ್ದೂಲಿಯಾ ರಕ್ತ ಒರೆಸಿ ಮತ್ತೆ ಉಜ್ಜಿದಳು.

ಕಸಿಲ್ದಾ ಅವಳ ರಟ್ಟೆ ಹಿಡಿದೆಬ್ಬಿಸಿದಳು. "ಏಳು ಚಿಕ್ಕವ್ವ. ಇವತ್ತು ಮುಂಬಾಗ್ಲಾಗೇ ಹೋಗಾನ."

ಹಜಾರದ ಬಿಳಿ ನೆಲದ ಮೇಲೆ ಕೆಂಪು ಮಣ್ಣಿನ ಹೆಜ್ಜೆಗಳು ಮೂಡಿದವು. "ಥೂ! ಯಾರೇ ಒಳಗೆ ಬಿಟ್ಟಿದ್ದು ಈ ಕೊಳಕನ್ನ?" ಡೋನ್ಯಾ ಚೀರಿದಳು. ಕಸಿಲ್ದಾ ಮಾರಾಟಕ್ಕಿಟ್ಟಿದ್ದ ರೊಟ್ಟಿ ಹೆಂಚೊಂದನ್ನು ಎರಡೂ ಕೈಯಲ್ಲಿ ಎತ್ತಿದಳು. ಇಂಥ ಸೀನಿಗೆಂದೇ ಕಾದಿರಿಸಿದ್ದ ಡೈಲಾಗ್‌ಗಳಲ್ಲಿ ಒಂದೂ ನೆನಪಾಗಲಿಲ್ಲ. ಸುಮ್ಮನೆ ಗಾಜಿಗೆ ಅಪ್ಪಳಿಸಿದಳು.

ಒಬ್ದೂಲಿಯಾ ಚೂರುಗಳ ನಡುವಿನಿಂದ ಕಲ್ಲು ಎತ್ತಿಕೊಂಡು ನಾಲಿಗೆಗೆ ಮುಟ್ಟಿಸಿದಳು. ಉಪ್ಪು. ಕಸಿಲ್ದಾಳನ್ನು ಒಮ್ಮೆ ನೋಡಿದಳು, ಅಷ್ಟೆ. ಕಲ್ಲನ್ನು ಶಾಲಿನ ತುದಿಗೆ ಗಂಟು ಹಾಕಿ ಬೆನ್ನಿಗೆಸೆದಳು. ಆಮೇಲೆ ಬಾಯಿ ತೆರೆದಳು.

"ಲೇ ಲೌಡಿ! ಹೆಣದ ಕೈಯಿಂದ ಕಿತ್ಕಂಡು ತಿನ್ನೋ ನಾಯಿ! ಏನೂ ಮಾಡ್ದಿರೋ ನನ್ ಅವ್ವನ ಮ್ಯಾಲೆ ಕಳ್ಳತನ ಹೊರಿಸ್ಬುಟ್ನಲ್ಲೇ! ನಿನ್ ಗಾಜಿನ ಮನೇಗೆ ನನ್ ಮಡಕೆ ಸುಟ್ಟ ಬೆಂಕಿ ಬೀಳಾ!"

"ಏನಂತಿದ್ದಾಳೆ? ಹೇಳೇ!"

ಕಸಿಲ್ದಾ ಹೇಳಿದಳು. ಮೊದಲ ಸಲ, ಒಂದು ಮಾತೂ ಬಿಡದೆ, ಅತಿಥಿಗಳೆಲ್ಲರಿಗೂ ಕೇಳಿಸುವಂತೆ.

ಊರಿನ ಬಸ್ಸಿನಲ್ಲಿ ಒಬ್ದೂಲಿಯಾಳ ಬಾಯಿ ನಿಲ್ಲಲಿಲ್ಲ. ಬ್ರೇಕ್ ಒತ್ತಿದ ಡ್ರೈವರನಿಗೆ, ಕಾಲು ತುಳಿದ ಮೇಕೆಗೆ, ಮೇಕೆ ತಂದ ಮುದುಕನಿಗೆ ಧಾರಾಳವಾಗಿ ಸಿಕ್ಕಿತು. ಬೈಸಿಕೊಂಡ ಮುದುಕ ಹಲ್ಲಿಲ್ಲದ ಬಾಯಲ್ಲಿ ನಕ್ಕ.

ಗಾಜು ಕೊಯ್ದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಸಿಲ್ದಾ ತನ್ನ ಸರದಿಗೆ ಕಾದಳು. ಬೆಟ್ಟದ ತಿರುವುಗಳು ಮುಗಿಯುತ್ತ ಬಂದವು.

"ಚಿಕ್ಕವ್ವ, ನಂಗೂ ಒಂದು ಬಯ್ಯಿ. ಒಂದೇ ಒಂದು."

ಒಬ್ದೂಲಿಯಾ ಶಾಲಿನ ಗಂಟನ್ನು ಹತ್ತಿರಕ್ಕೆಳೆದುಕೊಂಡು, ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

"ನೀವು ಕಿಟಕಿ ತಾವ ಕೂತ್ಕಳಿ ಅಮ್ಮಾವ್ರೇ. ಗಾಳಿ ಬತ್ತದೆ."