ಆರನೇ ‘ಸರಿ’

“ಮೂರನೇ ವಾಲ್ವ್ ಮುಚ್ಚಲೇ?”

ಪರದೆಯ ಮೇಲೆ ಪ್ರಶ್ನೆ ಮೂಡಿತು. ಅವಳ ಬೆರಳು ‘ಸರಿ’ ಗುಂಡಿಯ ಮೇಲಿತ್ತು, ಒತ್ತಲಿಲ್ಲ.

ಈಗಾಗಲೇ ಐದು ಸಲ ಒತ್ತಿದ್ದಳು. ಒತ್ತಿದಂತೆಲ್ಲ ಒತ್ತಡದ ಮುಳ್ಳು ಹಸಿರು ದಾಟಿ ಕೆಂಪಿನತ್ತ ಏರಿತ್ತು. ಪರೀಕ್ಷೆಯೇ ಹಾಗೆ: ಅವಳಿಗೆ ಮುಳ್ಳಷ್ಟೇ ಕಾಣುತ್ತದೆ, ಬೇರೆಲ್ಲೋ ಕೂತು ಪ್ರಶ್ನೆ ಕಳಿಸುವ ಇನ್ನೊಬ್ಬರಿಗೆ ವಾಲ್ವುಗಳಷ್ಟೇ. ಇಬ್ಬರೂ ಒಪ್ಪಿದರೆ ವಾಲ್ವು ತಿರುಗುತ್ತದೆ. ಸಮಯ ಮುಗಿದಾಗ ಮುಳ್ಳು ಹಸಿರಿನಲ್ಲಿದ್ದರೆ ಇಬ್ಬರೂ ಪಾಸು, ಕೆಂಪು ಮುಟ್ಟಿದರೆ ಇಬ್ಬರೂ ಫೇಲು. ಎಂಟು ವರ್ಷದಿಂದ ಪಂಪ್‌ಹೌಸಿನಲ್ಲಿ ಹಂಗಾಮಿಯಾಗಿದ್ದ ಅವಳಿಗೆ ಕೆಲಸ ಕಾಯಂ ಆಗಲು ಇದೇ ಕೊನೆಯ ಅವಕಾಶ.

“ಒತ್ತೇ, ನಾಲ್ಕೇ ನಿಮಿಷ ಇರೋದು,” ಎಂದಳು ಲ್ಯಾಪ್‌ಟಾಪ್ ತಂದುಕೊಟ್ಟಿದ್ದ ಅಕ್ಕ.

“ಮೂರನೇದು ಮುಚ್ಚಿದ್ರೆ ಪೈಪೇ ಒಡೆಯುತ್ತೆ ಅನ್ಸುತ್ತೆ ಅಕ್ಕಾ.”

“ಆ ಕಡೆ ಇರೋದು ಮನುಷ್ಯರಲ್ಲ, ಕಂಪ್ಯೂಟರು ಅಂತ ಹೇಳ್ಲಿಲ್ವಾ? ನಮ್ಮಾಫೀಸಲ್ಲಿ ಎಲ್ರೂ ಹಾಗೇ ಅಂತಾರೆ. ಅದಕ್ಕೇ ಬುದ್ಧಿ ಹೇಳೋಕೆ ಹೊರಟ್ಯಾ ಮಹಾರಾಯ್ತಿ?”

ಪಂಪ್‌ಹೌಸಿನಲ್ಲಾಗಿದ್ದರೆ ಅವಳು ಪೈಪಿನ ಮೇಲೆ ಅಂಗೈ ಇಟ್ಟೇ ಹೇಳಿಬಿಡುತ್ತಿದ್ದಳು. ಇಲ್ಲಿ ಅಂಗೈ ಕೆಳಗೆ ಊಟದ ಮೇಜು. ತಾನು ಕಲಿತದ್ದೇ ತಪ್ಪಿದ್ದರೆ?

ಪರದೆ ಮಿನುಗಿತು. “ಒಂದ್ನಿಮಿಷ ತಾಳಿ, ಹಾಲು ಉಕ್ತಿದೆ.”

ಅವಳು ಅಕ್ಕನ ಮುಖ ನೋಡಿದಳು. “ನಿನ್ನ ಕಂಪ್ಯೂಟರು ಹಾಲು ಕಾಯಿಸ್ತಿದೆ.”

ಅಕ್ಕ ಪರದೆಯತ್ತ ಬಗ್ಗುವಷ್ಟರಲ್ಲಿ ಅವಳು ಟೈಪ್ ಮಾಡಿಯಾಗಿತ್ತು: “ಮೂರು ಬೇಡ. ಮುಳ್ಳು ಕೆಂಪಿನ ಅಂಚಿನಲ್ಲಿದೆ. ಒಂದನೇದು ತೆಗೀರಿ.”

ಉತ್ತರ ಬರುವಾಗ ಎರಡು ನಿಮಿಷ ಉಳಿದಿತ್ತು. “ಮೊದಲೇ ಹೇಳಬಾರದಾ? ನನಗೂ ಅನುಮಾನ ಇತ್ತು. ನೀವು ಎಲ್ಲದಕ್ಕೂ ಬರೀ ‘ಸರಿ’ ಅಂತಿದ್ರಿ. ಆ ಕಡೆ ಪರೀಕ್ಷಕರೇ ಕೂತಿದ್ದಾರೆ, ತಪ್ಪಾದ್ರೆ ತಡೀತಾರೆ ಅಂದ್ಕೊಂಡೆ.”

“ಆಮೇಲೆ ಬೈಕೊಳ್ಳಿ. ಈಗ ತೆಗೀರಿ, ನಿಧಾನಕ್ಕೆ.”

“ಒಂದನೇ ವಾಲ್ವ್ ತೆರೆಯಲೇ?”

ಆರನೇ ಸಲ ‘ಸರಿ’ ಒತ್ತಿದಳು. ಮುಳ್ಳು ಅಲುಗಲಿಲ್ಲ. ನಲವತ್ತು ಸೆಕೆಂಡು ಉಳಿದಿತ್ತು. ಅಕ್ಕ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದಳು. ಮುಳ್ಳು ನಡುಗಿತು, ಕೂದಲೆಳೆಯಷ್ಟು ಇಳಿಯಿತು, ಮತ್ತಷ್ಟು ಇಳಿದು ಹಸಿರಿನ ಅಂಚಿಗೆ ಬಂದು ಕೂತಾಗ ಉಳಿದದ್ದು ಮೂರು ಸೆಕೆಂಡು.

ಸಮಯ ಮುಗಿದಾಗ ಮುಳ್ಳು ಹಸಿರಿನಲ್ಲೇ ಇತ್ತು, ಪರದೆಯಲ್ಲಿ ಕೊನೆಯ ಸಾಲು ಮೂಡಿತು: “ಬರ್ತೀನಿ. ಒಲೆ ಒರೆಸಬೇಕು.”

ಅವಳು ಏನಾದರೂ ಬರೆಯುವ ಮೊದಲೇ ಪರದೆ ಬರಿದಾಯಿತು. ಮೇಜಿನಿಂದ ಅಂಗೈ ಎತ್ತಿದಳು. ಮರದ ಮೇಲೆ ಐದು ಬೆರಳಿನ ಬೆವರಿನ ಗುರುತು ಮೆಲ್ಲಗೆ ಆರುತ್ತಿತ್ತು.