ಮೂರು ಕೊಡ ನೀರು

ಕೊಡದ ಕಂಠಕ್ಕೆ ಕೈ ಹಾಕಿ ಇನ್ನೇನು ಬಗ್ಗಿಸಬೇಕು, ಅಷ್ಟರಲ್ಲಿ ಬೀದಿಬಾಗಿಲು ಕಿರ್ರೆಂದಿತು. ಮೆನ್ಸಿಯಾ ಕೊಡವನ್ನು ನೆಟ್ಟಗೆ ನಿಲ್ಲಿಸಿ, ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು.

"ಹೋಗ್ಬಿಟ್ಟಳೇನೇ ನಿಮ್ಮಮ್ಮ!" ಎನ್ನುತ್ತ ಎದುರುಮನೆಯ ಅಲ್ದೋನ್ಸಾ ಹೇಳದೆ ಕೇಳದೆ ಒಳಗೇ ಬಂದಳು. ಕೈಯಲ್ಲಿ ಜಪಮಾಲೆ, ಕಂಕುಳಲ್ಲಿ ಎರಡು ಮೇಣದಬತ್ತಿ. "ನಿನ್ನ ಕೂಗು ಕೇಳಿದ್ದೇ ಇಗರ್ಜಿಗೆ ಓಡಿದೆ. ಪಾದ್ರಿಗಳು ಸಂಜೆಗೆ ಬರ್ತಾರಂತೆ."

ತಾಸ್ಕೋದ ಏರುಬೀದಿಯನ್ನು ಮಟಮಟ ಮಧ್ಯಾಹ್ನ ಹತ್ತಿ ಬಂದಿದ್ದಳು ಮುದುಕಿ. ತುಟಿ ಒಣಗಿ ಬಿರಿದಿತ್ತು. ಒಳಕೋಣೆಗೆ ಹೋಗಿ ಹೆಣದ ತಲೆದೆಸೆಯಲ್ಲಿ ಬತ್ತಿ ಹಚ್ಚಿ, ಶಿಲುಬೆಯ ಗುರುತು ಮಾಡಿ, ಮತ್ತೆ ಅಡುಗೆಮನೆಗೇ ಬಂದು ಕೂತಳು. ಕೊಡಗಳ ಎದುರಿಗೇ ಕೂತಳು.

"ನನ್ನ ಕೋಳಿಗಳನ್ನ ಸಾಯೋ ತನಕ ಬಯ್ದಳು ನಿಮ್ಮಮ್ಮ. ಇನ್ನು ಅವಕ್ಕೂ ಬೇಜಾರು, ಪಾಪ."

ಮೆನ್ಸಿಯಾಗೆ ನಗು ಬರಲಿಲ್ಲ. ಅಮ್ಮ ಕಣ್ಣು ಮುಚ್ಚುವ ಮೊದಲು ಕೇಳಿದ್ದು ಒಂದೇ ಮಾತು: "ನೀರು ಚೆಲ್ಲೋದು ಮರೀಬೇಡ ಮಗಳೇ. ಜೀವ ತೆಗೆಯೋ ಸಾವಿನ ದೂತ ಮನೇಲಿರೋ ನೀರಲ್ಲೇ ಕತ್ತಿ ತೊಳೀತಾನೆ. ಅದನ್ನ ಕುಡಿದೋರನ್ನ ಆಮೇಲೆ ಹುಡುಕ್ಕೊಂಡು ಬರ್ತಾನೆ." ಕಡಲಾಚೆಯ ಸೆವಿಲ್ಲೆಯಲ್ಲಿ ಅಮ್ಮನ ಅಮ್ಮ ಹೀಗೇ ಚೆಲ್ಲಿದ್ದಳು. ಹಡಗು ಹತ್ತುವಾಗ ಮನೆ, ಹೆಸರು ಎಲ್ಲ ಬಿಟ್ಟು ಬಂದವರು ಇದೊಂದನ್ನು ಬಿಟ್ಟಿರಲಿಲ್ಲ. ಮೆನ್ಸಿಯಾ ಅಮ್ಮನ ಕೈ ಹಿಡಿದು ಆಗಲಿ ಎಂದಿದ್ದಳು.

ಆದರೆ ಮೂರು ವಾರದ ಹಿಂದೆ, ಭಾನುವಾರದ ಪೂಜೆಯ ಕೊನೆಯಲ್ಲಿ, ಮೆಕ್ಸಿಕೋ ನಗರದಿಂದ ಬಂದ ಆಜ್ಞೆಯನ್ನು ಪಾದ್ರಿ ಗಟ್ಟಿಯಾಗಿ ಓದಿದ್ದರು. ಶನಿವಾರ ಮಡಿಬಟ್ಟೆ ಉಡುವವರು, ಮಾಂಸದ ಕೊಬ್ಬು ಕೆರೆದು ತೆಗೆಯುವವರು, ಸಾವಾದ ಮನೆಯಲ್ಲಿ ಕೊಡದ ನೀರು ಚೆಲ್ಲುವವರು, ಇಂಥ ಗುಟ್ಟಿನ ಯೆಹೂದಿಗಳು ಕಂಡರೆ ಬಂದು ತಿಳಿಸತಕ್ಕದ್ದು. ಮಗಳು ಗ್ರಾಸಿಯಾಳ ಕೈ ಹಿಡಿದು ನಿಂತಿದ್ದ ಮೆನ್ಸಿಯಾ ಎಲ್ಲರ ಜೊತೆ ತಾನೂ ಆಮೆನ್ ಎಂದಿದ್ದಳು. ಕಳೆದ ವರ್ಷ ಇದೇ ಆರೋಪದ ಮೇಲೆ ಬೀದಿಯ ದರ್ಜಿಯನ್ನು ಕೈಗೆ ಕೋಳ ಹಾಕಿ ಒಯ್ದಾಗ ಮೊದಲು ಬಾಯಿಬಿಟ್ಟವಳು ಅಲ್ದೋನ್ಸಾ ಎಂದು ಬೀದಿಗೆ ಬೀದಿಯೇ ಪಿಸುಗುಟ್ಟಿತ್ತು. ದರ್ಜಿ ಇನ್ನೂ ಹಿಂದಿರುಗಿರಲಿಲ್ಲ.

"ಗಂಟಲು ಒಣಗ್ತಿದೆ ಕಣೇ. ಒಂದು ಲೋಟ ನೀರು ಕೊಡು."

"ಇದು ಬಿಸಿಲಿಗೆ ಬೆಚ್ಚಗಾಗಿದೆ ಅಲ್ದೋನ್ಸಮ್ಮ. ತಡೀರಿ, ತೊಟ್ಟಿಯಿಂದ ಹೊಸದು ತರ್ತೀನಿ."

"ಹೊಸದು ಯಾಕೆ? ಬೆಳಗ್ಗೆ ನೀನೇ ಮೂರು ಕೊಡ ಹೊತ್ತಿದ್ದನ್ನ ಕಿಟಕೀಲಿ ನೋಡಿದ್ದೀನಿ." ಮುದುಕಿಯ ಕಣ್ಣು ಕೊಡದ ಮೇಲಿಂದ ಕದಲಲಿಲ್ಲ. "ಯಾಕೆ, ಈ ನೀರಿಗೇನಾಗಿದೆ?"

"ಅಮ್ಮಾ, ನಂಗೂ ನೀರು," ಎಂದಳು ಮೂಲೆಯಲ್ಲಿ ಕೂತಿದ್ದ ಗ್ರಾಸಿಯಾ. ಐದು ವರ್ಷದ ಮಗು, ಅತ್ತೂ ಅತ್ತೂ ಗಂಟಲು ಕಟ್ಟಿತ್ತು.

"ಕೊಡೇ, ಮಗು ಕೇಳ್ತಿದೆ."

ಮೆನ್ಸಿಯಾ ಮಣ್ಣಿನ ಲೋಟ ತೆಗೆದುಕೊಂಡು ಮೊದಲ ಕೊಡದಿಂದ ಮೊಗೆದಳು. ಅವಸರಕ್ಕೆ ಅರ್ಧ ನೆಲದ ಮೇಲೆ ತುಳುಕಿತು. ಬೇಕೆಂದೇ ಚೆಲ್ಲಿದೆ ಅಂದುಕೊಂಡಾಳು ಮುದುಕಿ ಎಂದು ಅದಕ್ಕೂ ಹೆದರಿಕೆ. ಲೋಟವನ್ನು ತನ್ನ ಬಾಯಿಗೇ ಎತ್ತಿ, ಗಟಗಟನೆ, ಮುದುಕಿಗೆ ಕೇಳಿಸುವಂತೆ ಕುಡಿದಳು. ಬೆಳಗಿನ ನೀರಿನದೇ ರುಚಿ. ಆದರೂ ಎದೆಯೊಳಗೆ ತಣ್ಣಗೆ ಏನೋ ಇಳಿದಂತಾಯಿತು. ಅಮ್ಮನಿಗೆ ಕೊಟ್ಟ ಮಾತು ಒಂದು ಗಂಟೆ ಕೂಡ ಉಳಿಯಲಿಲ್ಲ. ಬರುವವನು ಬಂದರೆ ತನ್ನನ್ನೇ ಕೊಂಡೊಯ್ಯಲಿ, ಮಗುವಿನ ತಂಟೆಗೆ ಬರದಿರಲಿ.

"ಹಿರಿಯರು ಮೊದಲು," ಎಂದು ಮಗಳನ್ನು ಬೆನ್ನ ಹಿಂದಕ್ಕೆ ಸರಿಸಿ, ಲೋಟವನ್ನು ಮತ್ತೆ ತುಂಬಿಸಿ ಮುದುಕಿಯ ಮುಂದೆ ಹಿಡಿದಳು.

ಅಲ್ದೋನ್ಸಾ ಲೋಟ ಹಿಡಿದಳು. ನೀರನ್ನು ನೋಡಿದಳು, ಬತ್ತಿ ಉರಿಯುತ್ತಿದ್ದ ಒಳಕೋಣೆಯನ್ನು ನೋಡಿದಳು, ಮತ್ತೆ ನೀರನ್ನು ನೋಡಿದಳು. ಬಿರಿದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡಳು. ಆಮೇಲೆ ಲೋಟವನ್ನು ಒಲೆಯ ಕಟ್ಟೆಯ ಮೇಲೆ ಮೆಲ್ಲಗೆ ಇಟ್ಟು ಎದ್ದಳು.

"ಬರ್ತೀನಿ ಕಣೇ. ಕೋಳಿ ಕೂಡಿಹಾಕಬೇಕು."

"ನೀರು..."

"ಬಾಯಾರಿಕೆ ಹೋಯ್ತು," ಎಂದವಳು ಮೆನ್ಸಿಯಾಳ ಮುಖ ನೋಡದೆ ಹೊರಟುಹೋದಳು.

ನಡುಹಗಲಲ್ಲಿ ಕೋಳಿ ಕೂಡಿಹಾಕುವುದೆ! ಇವಳು ಪಾದ್ರಿಯ ಬಳಿಗೇ ಹೊರಟಳೇನೋ ಎಂದು ಮೆನ್ಸಿಯಾ ಬಾಗಿಲಿಗೆ ಓಡಿದಳು. ಅಲ್ದೋನ್ಸಾ ತನ್ನ ಮನೆಗೂ ಹೋಗಿರಲಿಲ್ಲ, ಇಗರ್ಜಿಯ ಕಡೆಗೂ ತಿರುಗಿರಲಿಲ್ಲ. ಬೀದಿಯ ಕಲ್ಲಿನ ತೊಟ್ಟಿಯ ಮೇಲೆ ಬಗ್ಗಿ, ಜಪಮಾಲೆ ನೀರಿಗೆ ಜೋತುಬಿದ್ದಿದ್ದರೂ ಗಮನವಿಲ್ಲದೆ, ಬೊಗಸೆಯಲ್ಲಿ ಮೊಗೆಮೊಗೆದು ಕುಡಿಯುತ್ತಿದ್ದಳು.

ಮೆನ್ಸಿಯಾ ಬಾಗಿಲುವಾಡ ಹಿಡಿದು ನಿಂತಳು. ದರ್ಜಿಯ ನೆನಪಾಯಿತು. ಅಮ್ಮ ಬೈದ ಕೋಳಿಗಳ ನೆನಪಾಯಿತು. ಇವಳೂ ನಮ್ಮವಳೇ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೊನೆಗೆ, ಈಗಲಾದರೂ ಚೆಲ್ಲಿಬಿಡೋಣ ಎಂದು ಒಳಕ್ಕೆ ತಿರುಗಿದಳು.

ಒಲೆಯ ಕಟ್ಟೆಯ ಪಕ್ಕದಲ್ಲಿ ತುದಿಗಾಲಲ್ಲಿ ನಿಂತಿದ್ದ ಗ್ರಾಸಿಯಾ ಬರಿದಾದ ಲೋಟವನ್ನು ಬೋರಲು ಹಾಕಿ, ಗಲ್ಲದ ಮೇಲಿನ ನೀರನ್ನು ಅಂಗೈಯಿಂದ ಒರೆಸಿಕೊಳ್ಳುತ್ತಿದ್ದಳು.